ಹೆಲೆನ್ ಫ್ರಾಂಕೆಂಥಾಲರ್: ಇಂಗಿಸಿದ ಬಣ್ಣ, ಎಣ್ಣೆಯ ಉಂಗುರ, ಅಕ್ರಿಲಿಕ್‌ಗೆ ಬದಲಾವಣೆ

ಗೆರೆಬಣ್ಣ (ಪ್ರಶ್ನೆ)

ಅಮೆರಿಕದ ಅಮೂರ್ತ ಕಲೆಯ ಇತಿಹಾಸದಲ್ಲಿ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ (1928–2011) ಅವರಿಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಪ್ಯಾರಾ. 1952ರಲ್ಲಿ 'ಮೌಂಟನ್ಸ್ ಅಂಡ್ ಸೀ' ಚಿತ್ರ ಬರೆದರು, ಮರುವರ್ಷ ಚಿತ್ರಕಾರರಾದ ಮಾರಿಸ್ ಲೂಯಿ ಮತ್ತು ಕೆನೆತ್ ನೋಲಂಡ್ ಅದನ್ನು ನೋಡಿ ತಮ್ಮ ದಾರಿ ಬದಲಿಸಿದರು, ಅಷ್ಟೇ. ಆಮೇಲೆ ಅರ್ಧ ಶತಮಾನ ಆಕೆ ಏನು ಮಾಡಿದರು ಎಂಬುದಕ್ಕೆ ಜಾಗವೇ ಇರುವುದಿಲ್ಲ.

ನನಗೆ ಬೇಕಿರುವುದು ಕೆಲಸದ ವಿವರ. ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಲೇಪ) ಹಾಕದ ಕ್ಯಾನ್ವಾಸಿಗೆ ಬಣ್ಣ ಇಂಗಿಸುವುದು ಬಣ್ಣ ಸುರಿದು ಚಿತ್ರ ಮಾಡುತ್ತಿದ್ದ ಜಾಕ್ಸನ್ ಪೊಲಾಕ್ ಮಾಡಿದ್ದಕ್ಕಿಂತ ಹೇಗೆ ಬೇರೆ? ಐವತ್ತರ ದಶಕದ ಚಿತ್ರಗಳಲ್ಲಿ ಬಣ್ಣದ ಸುತ್ತ ಕಂದು ಉಂಗುರ ಕಾಣುತ್ತದಲ್ಲ, ಅದು ಬೇಕೆಂದೇ ಮಾಡಿದ್ದೋ ಕಾಲಕ್ರಮದಲ್ಲಿ ಬಂದದ್ದೋ? ಅರವತ್ತರ ದಶಕದಲ್ಲಿ ಎಣ್ಣೆಬಣ್ಣ ಬಿಟ್ಟು ಅಕ್ರಿಲಿಕ್ ಹಿಡಿದದ್ದಕ್ಕೆ ಅದೇ ಕಾರಣವೇ? ಮರದಚ್ಚಿನ ಪ್ರಿಂಟ್‌ಗಳನ್ನು ಮುಖ್ಯ ಕೆಲಸವೆಂದು ಎಣಿಸಬೇಕೋ, ಬಿಡುವಿನ ಕೆಲಸವೆಂದೋ?

ಟರ್ಪೆಂಟೈನ್

ಮೊದಲು ಆ ಚಿತ್ರವನ್ನೇ ತೆಗೆದುಕೊಳ್ಳೋಣ. 1952ರ ಬೇಸಿಗೆಯಲ್ಲಿ ಆಕೆ ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋಗಿ ಅಲ್ಲಿನ ಬೆಟ್ಟ, ಕಡಲುಗಳನ್ನು ಜಲವರ್ಣದಲ್ಲಿ ಬರೆದುಕೊಂಡು ಬಂದಿದ್ದರು. ನ್ಯೂಯಾರ್ಕಿನ ವೆಸ್ಟ್ 23ನೇ ಬೀದಿಯ ಸ್ಟುಡಿಯೋದಲ್ಲಿ ಅಕ್ಟೋಬರ್ 26ರಂದು ಈ ದೊಡ್ಡ ಚಿತ್ರ ಆಯಿತು. ಆಗ ವಯಸ್ಸು 23. ಅಳತೆ ಸುಮಾರು 219 × 298 ಸೆಂ.ಮೀ. ಅಂಟಾಗಲಿ ಪ್ರೈಮರ್ ಆಗಲಿ ಇಲ್ಲದ ಹತ್ತಿ ಕ್ಯಾನ್ವಾಸ್ ನೆಲದ ಮೇಲೆ, ಅದರ ಮೇಲೆ ಇದ್ದಿಲಿನ ಕೆಲವು ಗೆರೆಗಳು, ಆಮೇಲೆ ಟರ್ಪೆಂಟೈನ್‌ನಲ್ಲಿ ನೀರಿನಷ್ಟು ತೆಳ್ಳಗೆ ಮಾಡಿದ ಎಣ್ಣೆಬಣ್ಣ. ಬಣ್ಣವನ್ನು ಕಾಫಿ ಡಬ್ಬಿಗಳಲ್ಲಿ ಕಲಸಿ ಸುರಿಯುವುದು, ಸ್ಪಂಜಿನಿಂದಲೋ ಕುಂಚದಿಂದಲೋ ದಾರಿ ತೋರಿಸುವುದು. ಇದ್ದಿಲಿನ ಗೆರೆ ಬಣ್ಣಕ್ಕೆ ಹಾಕಿದ ಬೇಲಿಯಲ್ಲ. ಎಷ್ಟೋ ಕಡೆ ಬಣ್ಣ ಅದನ್ನು ದಾಟಿದೆ, ಇನ್ನು ಕೆಲವು ಕಡೆ ಹತ್ತಿರಕ್ಕೂ ಬಂದಿಲ್ಲ.

ಪೊಲಾಕ್ ಜೊತೆ ಹೋಲಿಸುವಾಗ ಎಲ್ಲರೂ ಹಿಡಿಯುವುದು ನೆಲದ ಮೇಲಿನ ಕ್ಯಾನ್ವಾಸ್ ಮತ್ತು ಸುರಿಯುವ ಕೈ. ಆಕೆ ಅಲ್ಲಿಂದ ಕಲಿತದ್ದೂ ನಿಜ. ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ಪೊಲಾಕ್ ಚಿತ್ರಗಳನ್ನು ನೋಡಿದ್ದರು, ಅವರ ಸ್ಟುಡಿಯೋಕ್ಕೂ ಹೋಗಿದ್ದರು. ನನ್ನ ಪ್ರಕಾರ ಅಸಲು ವ್ಯತ್ಯಾಸ ಬಣ್ಣದ ಸಾಂದ್ರತೆಯದು. ಪೊಲಾಕ್ ಬಳಸಿದ ಎನಾಮೆಲ್ ಹೆಚ್ಚಾಗಿ ಬಟ್ಟೆಯ ಮೇಲೆ ನಿಲ್ಲುತ್ತದೆ, ಎಳೆಯಾಗಿ ಉಬ್ಬುತ್ತದೆ, ಬೆಳಕಿಗೆ ಹೊಳೆಯುತ್ತದೆ. 1951ರ ಕಪ್ಪು ಚಿತ್ರಗಳಲ್ಲಿ ಅದು ಸ್ವಲ್ಪ ಇಂಗಿದೆ, ಆದರೂ ಗೆರೆಯೇ ಅಲ್ಲಿ ಯಜಮಾನ. ಫ್ರಾಂಕೆಂಥಾಲರ್ ಅವರಲ್ಲಿ ಬಣ್ಣ ನೂಲಿನೊಳಕ್ಕೆ ಹೋಗಿಬಿಡುತ್ತದೆ. ಬಟ್ಟೆಯ ನೇಯ್ಗೆ ಬಣ್ಣದ ನಡುವೆಯೂ ಕಾಣುತ್ತದೆ, ಬರಿ ಬಿಟ್ಟ ಜಾಗವೇ ಬೆಳಕಾಗುತ್ತದೆ.

ಇನ್ನು ಉಂಗುರ. ಅದರ ಬಹುಪಾಲು ರಸಾಯನದ ಕೆಲಸ. ಟ್ಯೂಬಿನ ಎಣ್ಣೆಬಣ್ಣದಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡಲು ಬೇಕಾದಷ್ಟು ಅಗಸೆ ಎಣ್ಣೆ ಇರುತ್ತದೆ. ಅದಕ್ಕೆ ಟರ್ಪೆಂಟೈನ್ ಧಾರಾಳವಾಗಿ ಸೇರಿಸಿ ಪ್ರೈಮರ್ ಇಲ್ಲದ ಬರಿ ಹತ್ತಿಯ ಮೇಲೆ ಸುರಿದರೆ ಪ್ರತಿ ನೂಲೂ ದೀಪದ ಬತ್ತಿಯ ಹಾಗೆ ಎಳೆಯುತ್ತದೆ. ಎಣ್ಣೆಯೂ ಟರ್ಪೆಂಟೈನೂ ದೂರ ಓಡುತ್ತವೆ, ಪುಡಿಯ ಕಣಗಳು ದಪ್ಪವಾದ್ದರಿಂದ ಹಿಂದೆ ಉಳಿಯುತ್ತವೆ. ಟರ್ಪೆಂಟೈನ್ ಆವಿಯಾಗುತ್ತದೆ, ಅಂಚಿನಾಚೆ ಬರಿ ಎಣ್ಣೆ ಉಳಿಯುತ್ತದೆ. ಹೊಸದರಲ್ಲಿ ಅದು ಮಸುಕಾದ ನೆರಳು, ಚೆಂದವೇ. ವರ್ಷಗಳು ಕಳೆದಂತೆ ಎಣ್ಣೆ ಆಮ್ಲಜನಕ ಹೀರಿ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಹಾಗಾಗಿ ನೆರಳು ಆಕೆಗೆ ಗೊತ್ತಿದ್ದೇ ಬಂದದ್ದು, ಕಂದು ಬಣ್ಣ ಕಾಲ ಕೊಟ್ಟದ್ದು.

ತೊಂದರೆ ಬಣ್ಣಕ್ಕಷ್ಟೇ ಸೀಮಿತವಲ್ಲ. ಎಣ್ಣೆ ಒಣಗುವಾಗ ಹುಟ್ಟುವ ಆಮ್ಲಗಳು ಹತ್ತಿಯ ಸೆಲ್ಯುಲೋಸನ್ನು ತಿನ್ನುತ್ತವೆ, ಬಟ್ಟೆ ಪೆಡಸಾಗುತ್ತದೆ. ಶತಮಾನಗಳಿಂದ ಕಲಾವಿದರು ಮೊಲದ ಚರ್ಮದ ಅಂಟು ಬಳಿದು, ಆಮೇಲೆ ಪ್ರೈಮರ್ ಹಾಕಿ, ಆಮೇಲಷ್ಟೇ ಎಣ್ಣೆಬಣ್ಣ ಹಚ್ಚುತ್ತಿದ್ದುದು ಇದಕ್ಕಾಗಿಯೇ. ಇನ್ನೊಂದು ಕಡೆ, ಎಣ್ಣೆಯೆಲ್ಲ ಓಡಿಹೋದ ಮಧ್ಯಭಾಗದಲ್ಲಿ ಪುಡಿಗೆ ಆಸರೆಯೇ ಇರುವುದಿಲ್ಲ. ಮೇಲ್ಮೈ ಹೊಳಪಿಲ್ಲದೆ ನಿಲ್ಲುತ್ತದೆ, ಉಜ್ಜಿದರೆ ಏಳುತ್ತದೆ.

ಕಾಲಾನುಕ್ರಮ

ಟರ್ಪೆಂಟೈನ್ ಅವರ ವಿವರಣೆಗೆ ನನ್ನ ತಕರಾರಿಲ್ಲ. ಆದರೆ 23 ವರ್ಷದ ಹುಡುಗಿಗೆ ಒಂದು ದಿನ ಅದೃಷ್ಟ ಒಲಿಯಿತು ಎಂಬ ಧಾಟಿ ಈ ಚರ್ಚೆಯಲ್ಲೂ ನುಸುಳದಿರಲಿ. ಹಿಂದಿನ ತಯಾರಿ ನೋಡಿ. ಡಾಲ್ಟನ್ ಶಾಲೆಯಲ್ಲಿ ಮೆಕ್ಸಿಕೋದ ಚಿತ್ರಕಾರ ರೂಫಿನೋ ತಮಾಯೋ ಪಾಠ ಹೇಳಿದ್ದರು. ವರ್ಮಾಂಟ್‌ನ ಬೆನಿಂಗ್‌ಟನ್ ಕಾಲೇಜಿನಲ್ಲಿ ಪಾಲ್ ಫೀಲಿ ಅವರ ಕೈಕೆಳಗೆ ಕ್ಯೂಬಿಸಂ (ವಸ್ತುವನ್ನು ಕೋನಕೋನದ ತುಂಡುಗಳಾಗಿ ಒಡೆದು ತೋರಿಸುವ ಶೈಲಿ) ಅನ್ನು ಬಿಡಿಸಿ ನೋಡುವ ಅಭ್ಯಾಸವಾಗಿತ್ತು, 1949ರಲ್ಲಿ ಪದವಿ. 1950ರ ಬೇಸಿಗೆಯಲ್ಲಿ ಪ್ರಾವಿನ್ಸ್‌ಟೌನ್‌ನಲ್ಲಿ ಚಿತ್ರಕಾರ ಹ್ಯಾನ್ಸ್ ಹಾಫ್‌ಮನ್ ಬಳಿ ಸ್ವಲ್ಪ ಕಾಲ. 1951ರಲ್ಲಿ ನ್ಯೂಯಾರ್ಕಿನ ಅಮೂರ್ತ ಕಲಾವಿದರ ನೈಂತ್ ಸ್ಟ್ರೀಟ್ ಪ್ರದರ್ಶನದಲ್ಲಿ ಭಾಗವಹಿಸಿದ್ದರು, ಅದೇ ವರ್ಷ ಟಿಬೋರ್ ಡಿ ನಾಗಿ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಚೌಕಟ್ಟಿನೊಳಗೆ ಜಾಗವನ್ನು ಹೇಗೆ ಹಂಚಬೇಕೆಂದು ಆಕೆಗೆ ಆಗಲೇ ಗೊತ್ತಿತ್ತು. ಅಷ್ಟು ದೊಡ್ಡ ಬಟ್ಟೆಯಲ್ಲಿ ಅಷ್ಟು ಜಾಗವನ್ನು ಬರಿದಾಗಿ ಬಿಡುವ ಧೈರ್ಯ ಆ ತಿಳಿವಳಿಕೆಯಿಂದ ಬಂದದ್ದು.

ಅನುಕೂಲವೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ತಂದೆ ಆಲ್ಫ್ರೆಡ್ ನ್ಯೂಯಾರ್ಕ್ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಮಗಳಿಗೆ 11 ವರ್ಷವಿದ್ದಾಗ ತೀರಿಕೊಂಡರು. 1950ರಿಂದ ಸುಮಾರು ಐದು ವರ್ಷ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಒಡನಾಟವಿತ್ತು. 1953ರ ಏಪ್ರಿಲ್‌ನಲ್ಲಿ ಲೂಯಿ ಮತ್ತು ನೋಲಂಡ್ ಅವರನ್ನು ವಾಷಿಂಗ್ಟನ್‌ನಿಂದ ಈ ಸ್ಟುಡಿಯೋಕ್ಕೆ ಕರೆತಂದವರೂ ಅವರೇ. ಪೊಲಾಕ್‌ನಿಂದ ಮುಂದಕ್ಕೆ ದಾಟಲು ಸಿಕ್ಕ ಸೇತುವೆ ಆಕೆ ಎಂದು ಲೂಯಿ ಹೇಳಿದ್ದಾಗಿ ಪ್ರಸಿದ್ಧಿ. ಹೊಗಳಿಕೆಯೇ ಸರಿ, ಆದರೆ ಸೇತುವೆಯ ಮೇಲೆ ಯಾರೂ ನಿಲ್ಲುವುದಿಲ್ಲವಲ್ಲ! ಆಕೆಯ ಬಗ್ಗೆ ಒಂದೇ ಪ್ಯಾರಾ ಉಳಿದದ್ದಕ್ಕೆ ಈ ಮಾತೂ ಒಂದು ಕಾರಣ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. 1958ರಲ್ಲಿ ಚಿತ್ರಕಾರ ರಾಬರ್ಟ್ ಮದರ್‌ವೆಲ್ ಜೊತೆ ಮದುವೆ, 1971ರಲ್ಲಿ ವಿಚ್ಛೇದನ. 1959ರ ಪ್ಯಾರಿಸ್ ಬಿಯೆನ್ನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನ) 'ಜೇಕಬ್ಸ್ ಲ್ಯಾಡರ್' ಚಿತ್ರಕ್ಕೆ ಮೊದಲ ಬಹುಮಾನ. 1960ರಲ್ಲಿ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ, 1969ರಲ್ಲಿ ವಿಟ್ನಿ ಮ್ಯೂಸಿಯಂನಲ್ಲಿ, 1989ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವಲೋಕನ ಪ್ರದರ್ಶನಗಳು. 1966ರ ವೆನಿಸ್ ಬಿಯೆನ್ನಾಲೆಯಲ್ಲಿ ಅಮೆರಿಕದ ನಾಲ್ವರಲ್ಲಿ ಒಬ್ಬರು. ಉಳಿದ ಮೂವರು ಎಲ್ಸ್‌ವರ್ತ್ ಕೆಲ್ಲಿ, ರಾಯ್ ಲಿಕ್ಟನ್‌ಸ್ಟೈನ್, ಜೂಲ್ಸ್ ಒಲಿಟ್‌ಸ್ಕಿ. 2001ರಲ್ಲಿ ನ್ಯಾಷನಲ್ ಮೆಡಲ್ ಆಫ್ ಆರ್ಟ್ಸ್. 2011ರ ಡಿಸೆಂಬರ್ 27ರಂದು ಕನೆಕ್ಟಿಕಟ್‌ನ ಡೇರಿಯನ್‌ನಲ್ಲಿ ನಿಧನ. ಆಕೆಯ ಕೆಲಸವನ್ನು ಈ ದಶಕ, ಆ ಗ್ಯಾಲರಿ ಎಂದು ಭಾಗ ಮಾಡುವುದಕ್ಕಿಂತ ಎಣ್ಣೆ, ಅಕ್ರಿಲಿಕ್, ಮರ ಎಂದು ಸಾಮಗ್ರಿಯ ಮೇಲೆ ಭಾಗ ಮಾಡಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಗೆರೆಬಣ್ಣ

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಎಣ್ಣೆ ಬಟ್ಟೆಯನ್ನು ತಿನ್ನುತ್ತದೆ ಎಂದಾದರೆ ತೆಳ್ಳಗೆ ಅಂಟು ಬಳಿದು ಆಮೇಲೆ ಎಣ್ಣೆಬಣ್ಣ ಇಂಗಿಸಬಹುದಿತ್ತಲ್ಲ? ಇನ್ನೊಂದು, ಲೂಯಿ ಅವರ ಚಿತ್ರಗಳಲ್ಲಿ ಈ ಉಂಗುರ ಅಷ್ಟಾಗಿ ಕಾಣುವುದಿಲ್ಲ. ಅವರು ಬೇರೆ ಏನನ್ನಾದರೂ ಬಳಸುತ್ತಿದ್ದರೇ?

ಜೆಸ್ಸೊಬೇಡ

ಅಂಟಿನ ಕೆಲಸವೇ ನೂಲಿನ ಸಂದು ಮುಚ್ಚುವುದು. ಸಂದು ಮುಚ್ಚಿದ ಮೇಲೆ ಇಂಗಲು ಜಾಗವಿಲ್ಲ, ತೆಳು ಬಣ್ಣ ಮೇಲೆಯೇ ಕೆರೆಯಾಗಿ ನಿಂತು ಅಂಚಿನಲ್ಲಿ ಗಟ್ಟಿಯಾಗುತ್ತದೆ. ಅರೆಬರೆ ಅಂಟು ಬಳಿದರೆ ಇನ್ನೂ ಕಷ್ಟ, ಒಂದು ಕಡೆ ಹೀರಿ ಪಕ್ಕದಲ್ಲೇ ಹೀರದೆ ಬಟ್ಟೆಯೆಲ್ಲ ಮಚ್ಚೆಮಚ್ಚೆ. ಎಣ್ಣೆ ಬೇಕು, ಇಂಗಬೇಕು, ಬಟ್ಟೆಯೂ ಬಾಳಬೇಕು ಎಂದರೆ ಮೂರೂ ಒಟ್ಟಿಗೆ ದಕ್ಕುವುದಿಲ್ಲ. ಎಣ್ಣೆಯನ್ನೇ ಬಿಡಬೇಕು.

ಲೂಯಿ ಬಳಸಿದ್ದು ಮ್ಯಾಗ್ನಾ. ಲಿಯೊನಾರ್ಡ್ ಬೋಕೂರ್ ಮತ್ತು ಸ್ಯಾಮ್ ಗೋಲ್ಡನ್ ತಯಾರಿಸಿದ, ಟರ್ಪೆಂಟೈನ್‌ನಲ್ಲಿ ಕರಗುವ ಅಕ್ರಿಲಿಕ್ ರಾಳದ ಬಣ್ಣ. ಅದರಲ್ಲಿ ಒಣಗುವ ಎಣ್ಣೆ ಇಲ್ಲ, ಆದ್ದರಿಂದ ಓಡಿಹೋಗಿ ಕಂದಾಗುವ ಪದಾರ್ಥವೂ ಇಲ್ಲ. ವಾಷಿಂಗ್ಟನ್‌ನ ಮನೆಯ ಊಟದ ಕೋಣೆಯಲ್ಲಿ, ಸುಮಾರು 12 ಅಡಿಗೆ 14 ಅಡಿ ಜಾಗದಲ್ಲಿ, ಅಷ್ಟು ದೊಡ್ಡ 'ವೇಲ್' ಮತ್ತು 'ಅನ್‌ಫರ್ಲ್ಡ್' ಸರಣಿಗಳ ಚಿತ್ರಗಳನ್ನು ಮಾಡಿದರು. ಮ್ಯಾಗ್ನಾದ ದೋಷವೆಂದರೆ ಟರ್ಪೆಂಟೈನ್ ಹಬೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಪ್ರಮಾಣದಲ್ಲಿ ಬಳಸುವುದು ಯಾರಿಗೂ ತಕ್ಕುದಲ್ಲ. ಲೂಯಿ 1962ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಫ್ರಾಂಕೆಂಥಾಲರ್ 1962–63ರ ಹೊತ್ತಿಗೆ ಹಿಡಿದದ್ದು ನೀರಿನಲ್ಲಿ ಬೆರೆಯುವ ಅಕ್ರಿಲಿಕ್. ಬಾಳಿಕೆ ಇದಕ್ಕೆ ಒಂದು ಕಾರಣ. ಆದರೆ ಚಿತ್ರವೇ ಬದಲಾಯಿತು ಎಂಬುದನ್ನು ಗಮನಿಸಿ. ನೀರಿನ ಅಕ್ರಿಲಿಕ್‌ನಲ್ಲಿ ರಾಳದ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗ ಒಂದಕ್ಕೊಂದು ಬೆಸೆದು ಪುಡಿಯನ್ನು ನೂಲಿಗೆ ಕಟ್ಟುತ್ತವೆ. ಅಂಚಿನಾಚೆ ಓಡುವ ಎಣ್ಣೆಯಿಲ್ಲ. ಬಣ್ಣ ಎಲ್ಲಿ ನಿಂತಿತೋ ಅಲ್ಲೇ ಅಂಚು. ಆದ್ದರಿಂದ 1963ರ 'ದಿ ಬೇ', 1967ರ 'ಫ್ಲಡ್' ಮುಂತಾದವುಗಳಲ್ಲಿ ಆಕಾರಗಳು ದೊಡ್ಡದಾಗಿವೆ, ಬಣ್ಣ ತುಂಬಿಕೊಂಡಿದೆ, ಐವತ್ತರ ದಶಕದ ಚೆಲ್ಲಾಪಿಲ್ಲಿ ಗೆರೆ ಕಡಿಮೆಯಾಗಿದೆ. 'ಫ್ಲಡ್' 3 ಮೀಟರಿಗೂ ಎತ್ತರ, 3.5 ಮೀಟರಿಗೂ ಅಗಲ. ಹರಡಿದ ಬಣ್ಣವೇ ಅದರ ರಚನೆ.

ಈ ವಿಧಾನವನ್ನು ಕೈಯಾರೆ ತಿಳಿಯಬೇಕೆನ್ನುವವರಿಗೆ ಸ್ವಲ್ಪ ವಿವರ. ಚದರ ಗಜಕ್ಕೆ 10 ಅಥವಾ 12 ಔನ್ಸ್ ತೂಕದ, ಪ್ರೈಮರ್ ಇಲ್ಲದ ಹತ್ತಿ ಡಕ್ (ದಪ್ಪ ನೇಯ್ಗೆಯ ಕ್ಯಾನ್ವಾಸ್) ಬಟ್ಟೆ ಸಾಕು. ಹೊಸ ಬಟ್ಟೆಯಲ್ಲಿ ಹತ್ತಿಯ ಸಹಜ ಮೇಣವೂ ಗಿರಣಿಯ ಗಂಜಿಯೂ ಇರುವುದರಿಂದ ನೀರು ಮೊದಲು ಹನಿಹನಿಯಾಗಿ ನಿಲ್ಲುತ್ತದೆ. ಬಿಸಿನೀರಲ್ಲಿ ಒಗೆದು ಒಣಗಿಸಿ ಇಸ್ತ್ರಿ ಮಾಡಿ. ಕುಗ್ಗುವುದೂ ಆಗಲೇ ಕುಗ್ಗಲಿ. ನಾಲ್ಕೂ ಬದಿ ಬೇಕಾದ್ದಕ್ಕಿಂತ 10–15 ಸೆಂ.ಮೀ. ಹೆಚ್ಚು ಬಿಡಿ. ಬಿಗಿದು ಕಟ್ಟದೆ ನೆಲದ ಮೇಲೆ ಹಾಸಿ. ನೇರವಾಗಿ ಪ್ಲಾಸ್ಟಿಕ್ ಮೇಲೆ ಹಾಸಿದರೆ ಬಣ್ಣ ಅಡಿಗೆ ಇಳಿದು, ಹೋಗಲು ದಾರಿಯಿಲ್ಲದೆ, ಬೇರೆಲ್ಲೋ ಮೇಲಕ್ಕೆ ಬರುತ್ತದೆ. ಪ್ಲಾಸ್ಟಿಕ್ ಮತ್ತು ಕ್ಯಾನ್ವಾಸ್ ನಡುವೆ ಹೀರುವ ಹಳೆ ಬಟ್ಟೆಯ ಪದರ ಇರಲಿ. ಸುಕ್ಕಿಲ್ಲದೆ, ಯಾಕೆಂದರೆ ಅಡಿಯ ಸುಕ್ಕು ಮೇಲೆ ಗೆರೆಯಾಗಿ ಮೂಡುತ್ತದೆ.

ತೆಳು ಅಕ್ರಿಲಿಕ್ 1 ಭಾಗಕ್ಕೆ ನೀರು 3–4 ಭಾಗದಿಂದ ಶುರುಮಾಡಿ. ಇನ್ನೂ ತೆಳುವಾಗಬೇಕಾದರೆ ನೀರಿನ ಒಂದು ಪಾಲನ್ನು ಮ್ಯಾಟ್ ಮೀಡಿಯಂಗೆ (ಬಣ್ಣವೂ ಹೊಳಪೂ ಇಲ್ಲದ ಅಕ್ರಿಲಿಕ್ ರಾಳದ ದ್ರವ) ಬದಲಿಸಿ, ಇಲ್ಲದಿದ್ದರೆ ಪುಡಿಯನ್ನು ಹಿಡಿಯಲು ರಾಳ ಸಾಲದು. ನೀರು ಬಟ್ಟೆಗೆ ಬೇಗ ಇಳಿಯಲು ವೆಟಿಂಗ್ ಏಜೆಂಟ್ ಎಂಬ ದ್ರಾವಣ ಸಿಗುತ್ತದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣ ಮೀರಬಾರದು. ಜಾಸ್ತಿಯಾದರೆ ನೊರೆ ಬರುತ್ತದೆ, ಒಣಗಿದ ಮೇಲೂ ಬಣ್ಣ ನೀರಿಗೆ ಬೇಗ ಏಳುತ್ತದೆ. ಮೆದು ಅಂಚು ಬೇಕಾದ ಕಡೆ ಮೊದಲೇ ನೀರು ಸಿಂಪಡಿಸಿ, ಗಟ್ಟಿ ಅಂಚು ಬೇಕಾದರೆ ಒಣ ಬಟ್ಟೆ. ಹಸಿಯಿದ್ದಾಗ ಕಾಣುವ ಗಾಢ ಬಣ್ಣ ಆರಿದ ಮೇಲೆ ಉಳಿಯುವುದಿಲ್ಲ, ಮಂಕಾಗುತ್ತದೆ. ಅದೇ ಬಟ್ಟೆಯ ತುಂಡಿನ ಮೇಲೆ ಪ್ರತಿ ಬಣ್ಣವನ್ನೂ ಪರೀಕ್ಷಿಸದೆ ಸುರಿಯಬೇಡಿ. ಬಿಸಿಗಾಳಿ ಬಿಟ್ಟು ಒಣಗಿಸಿದರೆ ಅಂಚುಗಳಲ್ಲಿ ನೀರು ಇಳಿದ ಗುರುತಿನಂಥ ಗೆರೆ ಬೀಳುವ ಸಾಧ್ಯತೆ ಹೆಚ್ಚು.

ತಪ್ಪಾದರೆ ಮುಚ್ಚಲು ದಾರಿಯಿಲ್ಲ. ಬಿಳಿ ಬಳಿದರೆ ಆ ಜಾಗ ಬಟ್ಟೆಯಂತೆ ಕಾಣದೆ ತೇಪೆಯಂತೆ ಕಾಣುತ್ತದೆ. ಫ್ರಾಂಕೆಂಥಾಲರ್ ಚಿತ್ರ ಒಣಗಿದ ಮೇಲೆ ಅಂಚುಗಳನ್ನು ಆರಿಸುತ್ತಿದ್ದರು. ಎಲ್ಲಿ ಕತ್ತರಿಸಬೇಕು, ಯಾವ ಕಡೆ ಮೇಲಾಗಬೇಕು ಎಂಬ ತೀರ್ಮಾನವೇ ರಚನೆಯ ಅರ್ಧ. ಬದಿಯಲ್ಲಿ ಜಾಸ್ತಿ ಬಿಡಿ ಎಂದದ್ದು ಅದಕ್ಕೂ ಆಯಿತು.

ಎಣ್ಣೆಯಲ್ಲೇ ಮಾಡಿ ನೋಡುತ್ತೇನೆ ಎನ್ನುವವರು ಗಾಳಿಯಾಡುವ ಜಾಗದಲ್ಲಿ ಮಾಡಿ. ಅಗಸೆ ಎಣ್ಣೆ ಹೀರಿದ ಚಿಂದಿಯನ್ನು ಮುದ್ದೆಮಾಡಿ ಬುಟ್ಟಿಗೆ ಎಸೆಯಬಾರದು. ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗಲಾರದೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಅಚ್ಚುಮನೆ

ಪ್ರಿಂಟ್‌ಗಳ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ಬಿಡುವಿನ ಕೆಲಸ ಅಲ್ಲವೇ ಅಲ್ಲ. ಲಾಂಗ್ ಐಲೆಂಡ್‌ನಲ್ಲಿ ಟಟಿಯಾನಾ ಗ್ರೋಸ್‌ಮನ್ ನಡೆಸುತ್ತಿದ್ದ ಯುನಿವರ್ಸಲ್ ಲಿಮಿಟೆಡ್ ಆರ್ಟ್ ಎಡಿಷನ್ಸ್ ಎಂಬ ಮುದ್ರಣ ಕಾರ್ಯಾಗಾರದಲ್ಲಿ 1961ರಲ್ಲಿ ಲಿಥೋಗ್ರಾಫ್‌ನಿಂದ (ಕಲ್ಲಚ್ಚು) ಶುರುವಾಯಿತು. ನನ್ನ ಲೆಕ್ಕದಲ್ಲಿ ತಿರುವು 1973ರ ಮರದಚ್ಚು 'ಈಸ್ಟ್ ಅಂಡ್ ಬಿಯಾಂಡ್'.

ಸಮಸ್ಯೆ ಏನೆಂದರೆ, ಮರದಚ್ಚು ಸ್ವಭಾವತಃ ಇಂಗಿದ ಬಣ್ಣಕ್ಕೆ ವಿರುದ್ಧ. ಉಳಿಯಿಂದ ಕೆತ್ತಿದ ಅಂಚು ಬಿಗಿ, ಬಣ್ಣ ಸಪಾಟು. ಆಕೆ ಪ್ಲೈವುಡ್ಡನ್ನು ಜಿಗ್‌ಸಾ ಗರಗಸದಿಂದ ಆಕಾರಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಬೇರೆ ಬಣ್ಣ ಕೊಟ್ಟರು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಕೂಡ ಹಿಂದೆ ಹಲಗೆಯನ್ನು ಹೀಗೆ ತುಂಡು ಮಾಡಿದ್ದುಂಟು, ಆದರೆ ಅವರ ಅಚ್ಚುಗಳಲ್ಲಿ ತುಂಡುಗಳ ನಡುವೆ ಬಿಳಿ ಗೆರೆ ಬೀಳುತ್ತದೆ. ಗರಗಸ ತಿಂದ ಮರದ ಅಗಲ ಅದು. ಫ್ರಾಂಕೆಂಥಾಲರ್‌ಗೆ ಆ ಗೆರೆ ಬೇಡವಾಗಿತ್ತು. ಎಂಟು ಅಚ್ಚುಗಳನ್ನು ಜೋಡಿಸಿ, ಬಣ್ಣಗಳು ಒಂದರ ಪಕ್ಕ ಒಂದು ಸೇರುವಂತೆ ಮಾಡುವ ಹೊತ್ತಿಗೆ ಮುದ್ರಕರಿಗೆ ಸಾಕುಬೇಕಾಗಿರಬೇಕು.

ಮೇಲ್ಮೈಗೂ ಉಪಾಯವಿತ್ತು. ಮರಳುಕಾಗದ, ದಂತವೈದ್ಯರ ಸಲಕರಣೆ, ಚೀಸ್ ತುರಿಯುವ ಮಣೆಯಂಥವುಗಳಿಂದ ಹಲಗೆಯನ್ನು ಕೆರೆದು ಒರಟು ಮಾಡುತ್ತಿದ್ದರು. ಆಗ ಬಣ್ಣ ಒಂದೇ ಸಮ ಕೂರದೆ ಉಸಿರಾಡುತ್ತದೆ, ಮರದ ಎಳೆಯೂ ಕಾಣುತ್ತದೆ. ಕ್ಯಾನ್ವಾಸಿನಲ್ಲಿ ನೇಯ್ಗೆ ಮಾಡಿದ ಕೆಲಸವನ್ನು ಇಲ್ಲಿ ಮರದ ಎಳೆ ಮಾಡಿತು.

ಕೊನೆಯ ಘಟ್ಟ ಮುದ್ರಕ ಕೆನೆತ್ ಟೈಲರ್ ಅವರ ಕಾರ್ಯಾಗಾರದ್ದು. 1998ರ 'ಟೇಲ್ಸ್ ಆಫ್ ಗೆಂಜಿ' ಸರಣಿಗೆ ಆಕೆ ಮೊದಲು ಮರದ ಹಲಗೆಗಳ ಮೇಲೆಯೇ ಬಣ್ಣದಲ್ಲಿ ಬರೆದುಕೊಟ್ಟರು, ಕೆತ್ತುವವರೂ ಕಾಗದ ಮಾಡುವವರೂ ಅದನ್ನು ನೋಡಿಕೊಂಡು ಕೆಲಸ ಮಾಡಿದರು. 2000ದ 'ಮೇಡಂ ಬಟರ್‌ಫ್ಲೈ' ಮೂರು ಹಾಳೆಗಳ ಒಂದೇ ಚಿತ್ರ, ಒಟ್ಟು ಅಗಲ ಸುಮಾರು 2 ಮೀಟರ್. 46 ಅಚ್ಚುಗಳು, 102 ಬಣ್ಣಗಳು. ಜಪಾನಿನಲ್ಲಿ ಪಳಗಿದ ಯಾಸುಯುಕಿ ಶಿಬಾಟಾ ಅದರ ಕೆತ್ತನೆಯಲ್ಲೂ ಮುದ್ರಣದಲ್ಲೂ ಜೊತೆಗಿದ್ದರು. ದೂರದಿಂದ ನೋಡಿದರೆ ಯಾರೋ ಒಂದೇ ಸಲ ಬಣ್ಣ ಚೆಲ್ಲಿದ ಹಾಗಿದೆ. ಒಂದು ಅಚ್ಚು ಕೂದಲೆಳೆ ಸರಿದರೂ ಆ ಭ್ರಮೆ ಒಡೆಯುತ್ತದೆ, ಯಾಕೆಂದರೆ ಕಾಗದ ಪ್ರತಿ ಒತ್ತಿಗೂ ತೇವ ಹೀರಿ ಹಿಗ್ಗುತ್ತದೆ, ಆರುವಾಗ ಕುಗ್ಗುತ್ತದೆ.

ಗೆರೆಬಣ್ಣ

ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಕೊನೆಯದಾಗಿ ಒಂದು. ಪ್ರೈಮರ್ ಇಲ್ಲದ ಕ್ಯಾನ್ವಾಸಿನ ಚಿತ್ರಗಳಿಗೆ ವಾರ್ನಿಷ್ ಹಚ್ಚಿ ಧೂಳಿನಿಂದ ಕಾಪಾಡಬಹುದೇ? ಸಂಗ್ರಹಾಲಯಗಳಲ್ಲಿ ಹೇಗೆ ಇಡುತ್ತಾರೆ?

ಟರ್ಪೆಂಟೈನ್

ವಾರ್ನಿಷ್ ಬೇಡ. ಬರಿ ಬಟ್ಟೆ ಅದನ್ನು ಹೀರಿ ಒದ್ದೆಯಾದಂತೆ ಕಪ್ಪಾಗುತ್ತದೆ, ಆಮೇಲೆ ತೆಗೆಯಲೂ ಬರುವುದಿಲ್ಲ. ಬಿಳಿಯ ಕೆಲಸ ಮಾಡುತ್ತಿದ್ದ ಜಾಗವೇ ಹಳದಿಯಾದರೆ ಉಳಿದ ಬಣ್ಣಗಳ ಸಂಬಂಧವೆಲ್ಲ ಕೆಟ್ಟಂತೆ. ಒದ್ದೆ ಬಟ್ಟೆಯಿಂದ ಒರೆಸುವುದೂ ಅಷ್ಟೇ ಅಪಾಯ: ನೀರು ಧೂಳನ್ನು ಹೊತ್ತು ಹರಡಿ, ಆರಿದ ಅಂಚಿನಲ್ಲಿ ಕಂದು ಗೆರೆ ಬಿಡುತ್ತದೆ. ಕೈಯ ಜಿಡ್ಡು ಮೊದಲು ಕಾಣುವುದಿಲ್ಲ, ವರ್ಷಗಳ ಮೇಲೆ ಬೆರಳಿನ ಗುರುತಾಗಿ ಏಳುತ್ತದೆ. ಆದ್ದರಿಂದ ತುದಿಯನ್ನು ಹಿಡಿಯುವಾಗಲೂ ಕೈಗವಸು ಇರಲಿ. ಹಿಂಬದಿಗೆ ರಟ್ಟೋ ಹಲಗೆಯೋ ಹಾಕಿದರೆ ಧೂಳೂ ತೇವದ ಏರಿಳಿತವೂ ಕಡಿಮೆ. ಅತಿನೇರಳೆ ಕಿರಣ ತಡೆಯುವ ಗಾಜು, ಮಂದ ಬೆಳಕು, ಉಜ್ಜದೆ ಮೃದು ಕುಂಚದಿಂದ ಧೂಳು ತೆಗೆಯುವುದು. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ.

2006ರಲ್ಲಿ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ವರ್ಷದ ಹುಡುಗನೊಬ್ಬ 'ದಿ ಬೇ' ಚಿತ್ರಕ್ಕೆ ಚ್ಯೂಯಿಂಗ್ ಗಮ್ ಅಂಟಿಸಿದ. ಗಮ್ ಬಿಡಿಸಿದರೂ ನಾಣ್ಯದಗಲ ಕಲೆ ಉಳಿಯಿತು. ಪ್ರೈಮರ್, ವಾರ್ನಿಷ್ ಇರುವ ಚಿತ್ರದಲ್ಲಾದರೆ ಅಂಥದ್ದು ಮೇಲಿನ ಪದರದಲ್ಲೇ ನಿಲ್ಲುತ್ತದೆ. ಇಲ್ಲಿ ಬಣ್ಣ ಇಳಿದ ನೂಲಿಗೇ ಕಲೆಯೂ ಇಳಿಯುವುದರಿಂದ, ಒಂದನ್ನು ಕರಗಿಸಲು ಹಾಕುವ ದ್ರಾವಕ ಇನ್ನೊಂದನ್ನು ಮುಟ್ಟಬಾರದು. ಸಂರಕ್ಷಕರು ಯಾವ ದ್ರಾವಕ ಬಳಸಬೇಕೆಂದು ಪರೀಕ್ಷಿಸಿಯೇ ಮುಂದುವರಿದು ಕಲೆ ತೆಗೆದರು, ಚಿತ್ರ ಮತ್ತೆ ಗೋಡೆಗೆ ಬಂತು.

'ಮೌಂಟನ್ಸ್ ಅಂಡ್ ಸೀ' ನೋಡಬೇಕೆಂದರೆ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಗೆ ಹೋಗಬೇಕು. ಫ್ರಾಂಕೆಂಥಾಲರ್ ಫೌಂಡೇಷನ್ ಅದನ್ನು ಅಲ್ಲಿಗೆ ದೀರ್ಘಾವಧಿಗೆ ಎರವಲು ಕೊಟ್ಟಿದೆ. ಎದುರಿಗೆ ನಿಂತು ನೋಡಿ ಮುಗಿದ ಮೇಲೆ ಒಮ್ಮೆ ಬದಿಯಿಂದ, ಓರೆಯಾಗಿ ನೋಡಿ. ಎಣ್ಣೆ ಎಲ್ಲಿಯವರೆಗೆ ಓಡಿದೆ, ಇದ್ದಿಲು ಎಲ್ಲಿ ಉಳಿದಿದೆ ಎಂಬುದು ಫೋಟೋಗಳಿಗಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.